ಇಮ್ತಿಹಾನ್

ಹುಮನಾಬಾದ್ ರೋಡಿಗೆ, ಕಪನೂರ ಹತ್ರ,
ದಾಲ್ ಮಿಲ್ಲಿನ ಹೊಟ್ಟು ಹಾರಿ ಬಂದು ಬೀಳೂ ತಗಡಿನ ಶೆಡ್ಡು.
ಅಲ್ಲೇ ನನಗ ಮೂಗು ಬಂತು.
ಹುಟ್ಟಿದಾಗ ಇದ್ದದ್ದು ಬರೇ ಉಸುರಾಡಲಿಕ್ಕ.

ಮಹೆತಾಬ ಉಸ್ತಾದರು ಮದಲು ಪಾನಾ ಕೊಡಲಿಲ್ಲ.
'ಬಾನೆಟ್ ಎತ್ತು. ಕೈ ಹಿಂದ ಕಟ್ಟು.
ಹೇಳು, ಏನ್ ವಾಸನಿ?'
ಇಮ್ತಿಹಾನ್ ಅಂತಿದ್ರು ಅದಕ್ಕ.

ಒಂದು ಗುರುವಾರ, ಡಾಂಬರು ಚಪ್ಪಲಿಗೆ ಅಂಟೂ ಹೊತ್ತಿನ್ಯಾಗ
ಸಾಯಬಣ್ಣನ ಪಿಕಪ್ಪು ಬಂತು, ಶಹಾಬಾದಿ ಕಲ್ಲು ಹೇರಿಕೊಂಡು.
'ಮೂರು ದಿನ ಆಯ್ತು ಉಸ್ತಾದ, ಏನೋ ನಾರ್ತದ.
ಹೆಂಡತಿ ಕ್ಯಾಬಿನ್ನ್ಯಾಗ ಕೂಡಂಗಿಲ್ಲ ಅಂತಾಳ.'

ಏರಿನ್ಯಾಗೋ ಇಳುಕಲಿನ್ಯಾಗೋ?
ಓಡೂ ಮುಂದೋ, ನಿಂತ ಮ್ಯಾಲೋ?
ಮುಂಜಾನೆ ತಣ್ಣಗಿದ್ದಾಗ ಬರ್ತದೇನು?
ಕಾಲ ಬುಡದ ಮ್ಯಾಟು ಹಸಿ ಅದೇನು?
ಸಾಯಬಣ್ಣ ತಲಿ ಕೆರಕೊಂಡ.
ಉಸ್ತಾದರು ನನ್ನ ಕಡಿ ಹೊಳ್ಳಿದ್ರು: 'ಈಗ ನೀ.'

ಬಗ್ಗಿದೆ. ಝಳ ಮಾರಿಗೆ ಬಡೀತು.
ಬೆಲ್ಲ, ಅಂದೆ.
'ಎಂಥಾ ಬೆಲ್ಲ?'
ಹೂರಣಕ್ಕಂತ ಒಲಿ ಮ್ಯಾಲಿಟ್ಟು, ಮಾತಿನ್ಯಾಗ ಮರ್ತು,
ತಳ ಹತ್ತಿದ ಬೆಲ್ಲ.
'ಕೂಲಂಟ್. ಹೀಟರಿನ ಪೈಪು ನೋಡು.'
ಕ್ಲಿಪ್ಪಿನ ಕೆಳಗ ಹಸರನ ಉಪ್ಪು ಗಟ್ಟಿಯಾಗಿ ಕುಂತಿತ್ತು,
ಅತ್ತು ಮಲಗಿದ ಕೂಸಿನ ಗಲ್ಲದ ಗೆರಿ ಹಂಗ.

ಸಾಯಬಣ್ಣ ಕಿಸೆದಾಗ ಕೈ ಹಾಕಿದ.
'ತಡಿ. ಒಂದು ವಾಸನಿ ಹಿಂದ ಇನ್ನೊಂದು ಅಡಗಿರ್ತದ.
ಮದಲಿಂದಕ್ಕ ಸಲಾಮ್ ಮಾಡಿ ಬಾಜೂಕ ಸರಿಸು.'

ಇಂಜಿನ್ನು ಆರೂತನಕ ಚಾ ಕುಡದು,
ಪೈಪಿನ ತುದಿ ಒಂದು ಬಟ್ಟು ಕತ್ತರಿಸಿ, ಹೊಸಾ ಕ್ಲಿಪ್ ಬಿಗದು,
ನೀರು ತುಂಬಿ, ಚಾಲೂ ಮಾಡಿ, ಮತ್ತ ಬಗ್ಗಿದೆ.

ವಗ್ಗರಣಿ.
'ಹಸಿದೋ, ಕರಕಾದದ್ದೋ?'
ಕರಕಾದದ್ದು. ಸಾಸಿವಿ ಸಿಡದು ಮುಗದು, ಬರೇ ಎಣ್ಣಿ ಉರಿಯಾಕತ್ತದ.

ಡೀಸೆಲ್ ಅರಿವಿಲೆ ಒರಸಿ ಒಣಗಿಸಿದ ಇಂಜಿನ್ನಿಗೆ
ಉಸ್ತಾದರು ಗಲ್ಲಾಪೆಟ್ಟಿಗಿಯಿಂದ ಪೌಡರ್ ಡಬ್ಬಿ ತಗದು
ಮದುಮಗಳಿಗೆ ಹಚ್ಚಿದಂಗ ಹಚ್ಚಿದ್ರು.
ಹತ್ತು ನಿಮಿಷ.
ಬಿಳಿದರ ಮ್ಯಾಲ ಕರಿ ಎಳಿ ಒಂದು
ವಾಲ್ವ್ ಕವರಿನ ಮೂಲಿಯಿಂದ ಹೊಗಿಪೈಪಿನ ಕಡಿಗೆ.

ಗ್ಯಾಸ್ಕೆಟ್ ಬದಲಿ ಮಾಡಿದೆ. ಬೋಲ್ಟು ಸಾಲು ಹಿಡದು ಅಲ್ಲ,
ನಡುವಿನಿಂದ ಅಂಚಿಗೆ, ಚಾದರ ಹಾಸಿದಂಗ.
ಕಡೀ ಬೋಲ್ಟಿಗೆ ಅವರದೇ ಕೈ.

ಯಾರಿಗೂ ಹೇಳದ ಮಾತೊಂದದ.
ಊರಿಗೆ ಊರೇ ಬಾಗಿಲು ಹಾಕ್ಕೊಂಡ ಜ್ವರದ ವರ್ಷ ಕಳದ ಮ್ಯಾಲ
ನಾಜಲ್ ತೊಳದ ಗ್ಲಾಸಿನ್ಯಾಗ ಮರ್ತು ಚಾ ಸುರದು ಕೊಟ್ಟಿದ್ದೆ.
ಮ್ಯಾಲ ಡೀಸೆಲ್ಲು ಬಣ್ಣಬಣ್ಣ ಆಗಿ ತೇಲತಿತ್ತು.
ಉಸ್ತಾದರು ಗ್ಯಾರೇಜಿನ ಹೊರಗ ನೋಡ್ಕೋತ ಪೂರಾ ಕುಡದು
'ಸಕ್ಕರಿ ಕಮ್ಮಿ' ಅಂದ್ರು.

ಅವತ್ತಿಂದ ಇಮ್ತಿಹಾನಿನ್ಯಾಗ ನಾ ತಪ್ಪಿಲ್ಲ.
ನಾ ತಪ್ಪಿದ್ರ ತಿದ್ದವರು ಯಾರು?

ಸಾಯಬಣ್ಣ ರೊಕ್ಕ ಎಣಿಸಿ ಕೊಟ್ಟು ಹೋದ.
ಬಿಸಲು ಇಳೀತು. ಮಿಲ್ಲಿನ ಭೋಂಗಾ ಕೂಗ್ತು.
ಉಸ್ತಾದರು ಕಿಸೆಯಿಂದ ಕಿರಿಬಟ್ಟಿನಷ್ಟು ಶೀಶೆ ತಗದು
ಮಣಿಕಟ್ಟಿಗೆ ತಿಕ್ಕಿ ನನ್ನ ಮುಂದ ಹಿಡದ್ರು.
'ದರ್ಗಾ ರೋಡಿನ್ಯಾಗ ತಗೊಂಡೆ. ಹೇಳು.'

ಬರೇ ಎಣ್ಣಿ. ಸಸ್ತಾ ಅಡಗಿ ಎಣ್ಣಿ.
ಅದರ ಕೆಳಗ ಗ್ರೀಸು, ತಳ ಹತ್ತಿದ ಬೆಲ್ಲ, ಜರಾ ಪೌಡರು.

ಖಸ್, ಅಂದೆ.

'ಎಂಥಾ ಖಸ್?'

ಹೊಸಾ ಕೂಲರಿಗೆ ಮದಲ ಸಲ ನೀರು ಬಿಟ್ಟಾಗ
ಇಡೀ ಮನಿ ಒಮ್ಮೆ ಸುಮ್ಮನಾಗ್ತದಲ್ಲ,
ಆ ಖಸ್.

ಮಣಿಕಟ್ಟು ಮೂಗಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತ್ರು.
ದಿನಾ ಅಂದಂಗ ಪಾಸ್ ಅನ್ನಲಿಲ್ಲ.
'ಶಟರ್ ಎಳಿ' ಅಂದ್ರು.